ಮೂರನೆಯ ಕೊಟೇಶನ್

ಆಸ್ಪತ್ರೆಗೆ ಹಾಸಿಗೆಯ ಶೀಟ್ ಮಾರಬೇಕಾದರೆ ಮೂರು ಕೊಟೇಶನ್ ಬೇಕು. ಮೂರು ಬೇರೆ ಬೇರೆ ಕಂಪನಿಗಳು ದರ ಬರೆದುಕೊಡಬೇಕು, ಆಸ್ಪತ್ರೆಯವರು ಹೋಲಿಸಿ ನೋಡಿ ಒಬ್ಬರಿಗೆ ಆರ್ಡರ್ ಕೊಡಬೇಕು. ಅಪ್ಪನ ಹೊಲಿಗೆ ಶೆಡ್ಡಿನಿಂದ ಮೂರೂ ಹೋಗುತ್ತಿದ್ದವು. ಒಂದು ಅಪ್ಪನದು, ಇನ್ನೊಂದು ಅಪ್ಪನ ಗೆಳೆಯನದು. ಮೂರನೆಯದು ಅಪ್ಪನ ತಂಗಿಯ, ಅಂದರೆ ನಮ್ಮ ಅತ್ತೆಯ ಹೆಸರಿನದು. ಅವಳ ಕಂಪನಿಗೆ ಲೆಟರ್‌ಹೆಡ್ ಇತ್ತು, ಸೀಲು ಇತ್ತು. ಎರಡೂ ಅಪ್ಪನ ಮೇಜಿನ ಖಾನೆಯಲ್ಲಿದ್ದವು. ಆ ಕಂಪನಿಗೆ ಒಂದು ಸೂಜಿಯೂ ಇರಲಿಲ್ಲ.

ಗಂಡ ಬಿಟ್ಟುಹೋದ ಮೇಲೆ ಅತ್ತೆ ನಮ್ಮ ಮನೆಗೆ ಬಂದವಳು. ಹನ್ನೊಂದು ವರ್ಷ ಶೆಡ್ಡಿನ ಕಿಟಕಿಯ ಪಕ್ಕದ ಮಷೀನಿನಲ್ಲಿ ಹೊಲಿದಳು. ಊಟ ಬಟ್ಟೆ ಮನೆಯಲ್ಲೇ ಆಗುತ್ತದೆಂದು ಅಪ್ಪ ಅವಳಿಗೆ ಸಂಬಳ ಕೊಡುತ್ತಿರಲಿಲ್ಲ. ಆಗಾಗ ಕರೆದು, "ಇಲ್ಲೊಂದು ಸೈನ್ ಹಾಕು" ಎನ್ನುತ್ತಿದ್ದ. ಅವಳ ದರ ಯಾವಾಗಲೂ ಅಪ್ಪನ ದರಕ್ಕಿಂತ ಸ್ವಲ್ಪ ಹೆಚ್ಚಿರುತ್ತಿತ್ತು. ಸೋಲುವುದಕ್ಕೆಂದೇ ಹುಟ್ಟಿದ ಕಂಪನಿ ಅದು.

ಕೊಳ್ಳುವವರಲ್ಲಿ ಎಷ್ಟು ಬಗೆಯೆಂದು ಅಪ್ಪ ಊಟಕ್ಕೆ ಕೂತಾಗ ಹೇಳುತ್ತಿದ್ದ. "ಅಂಗಡಿಯವನು ತಾನೂ ಮಾರೋನು, ಅವನಿಗೆ ಪ್ಯಾಕೆಟ್ ಫಳಫಳ ಅಂದ್ರೆ ಸಾಕು. ಸೋಫಾ ಕಾರ್ಖಾನೆಯವನು ನಮ್ಮ ಕವರನ್ನ ತನ್ನ ಮಾಲಿಗೆ ತೊಡಿಸ್ತಾನೆ, ಅವನಿಗೆ ಅಳತೆ ನೂಲಿನಷ್ಟೂ ತಪ್ಪಬಾರದು. ಈ ಆಸ್ಪತ್ರೆ, ಹಾಸ್ಟೆಲ್, ಜೈಲು ಇದಾವಲ್ಲ, ಇವಕ್ಕೆ ಫೈಲು ತುಂಬಬೇಕು, ಅಷ್ಟೇ."

"ಮಲಗೋರಿಗೆ?" ಎಂದು ಅತ್ತೆ ಒಮ್ಮೆ ಕೇಳಿದಳು.

"ಮಲಗೋರು ಬಂದು ಆರ್ಡರ್ ಕೊಡ್ತಾರೇನೆ? ಸುಮ್ನೆ ಉಣ್ಣು."

ಅಮ್ಮ ನಕ್ಕಳು. ಅತ್ತೆ ಸುಮ್ಮನೆ ಉಂಡಳು.

ಹನ್ನೊಂದನೆಯ ವರ್ಷ ಆಸ್ಪತ್ರೆಗೆ ಹೊಸ ಖರೀದಿ ಅಧಿಕಾರಿ ಬಂದ. ದರದ ಜೊತೆಗೆ ಮೂರು ಕಂಪನಿಯವರೂ ಮಾದರಿಗೆ ಒಂದೊಂದು ಶೀಟ್ ಕೊಡಬೇಕೆಂದ. "ನಿಂದು ಒಂಚೂರು ಕೆಟ್ಟದಾಗಿರ್ಲಿ" ಎಂದು ಅಪ್ಪ ಅತ್ತೆಗೆ ಹೇಳಿದ. ಅವಳು ತಲೆಯಾಡಿಸಿದಳು. ಆದರೆ ಅಂಚನ್ನು ಎರಡು ಸಲ ಮಡಚಿ, ನಾಲ್ಕು ಮೂಲೆಗೂ ಒಳಗಿನಿಂದ ಪಟ್ಟಿ ಕೊಟ್ಟು ಹೊಲಿದಳು. ಬೇಕೆಂದೇ ಹಾಗೆ ಮಾಡಿದಳು. ಒಂದು ಸಲವಾದರೂ ತನ್ನ ಹೆಸರು ಗೆಲ್ಲಬೇಕೆಂಬ ಆಸೆ ಅವಳಿಗೆ ಯಾವಾಗ ಹುಟ್ಟಿತೋ ನನಗೆ ತಿಳಿಯದು.

ಅಧಿಕಾರಿ ಮೂರು ಶೀಟುಗಳನ್ನೂ ಹತ್ತು ಸಲ ಒಗೆಸಿದ. ಆಮೇಲೆ ಮೂವರನ್ನೂ ಕರೆಸಿ ಅತ್ತೆಯ ಕಡೆ ತಿರುಗಿದ. "ದರ ಜಾಸ್ತಿ ಆದ್ರೂ ನಿಮ್ಮದೇ ಗಟ್ಟಿ. ಮುನ್ನೂರು ಬೇಕಾಗುತ್ತೆ. ಸೋಮವಾರ ನಿಮ್ಮ ಕಾರ್ಖಾನೆ ನೋಡಿ ಆರ್ಡರ್ ಕೊಡ್ತೀನಿ."

ಮನೆಗೆ ಬಂದ ಮೇಲೆ ಅತ್ತೆಯೇ ಮಾತು ತೆಗೆದಳು.

"ಅಣ್ಣ, ಎದುರು ಬೀದಿ ಕೋಣೆ ಖಾಲಿ ಇದೆ. ಹಳೇ ಮಷೀನ್ ಎರಡು ಅಲ್ಲಿ ಹಾಕಿಕೊಡು. ಹೊಲ್ಕೊಂಡು ನನ್ನ ಪಾಡಿಗೆ ನಾನಿರ್ತೀನಿ. ನಿಂಗೂ ಭಾರ ತಪ್ಪುತ್ತೆ."

ಅಪ್ಪ ಕಾಲು ತೊಳೆದು, ಒರೆಸಿಕೊಂಡು, ಟವೆಲನ್ನು ಹಗ್ಗಕ್ಕೆ ಹರವಿದ. "ಆಯ್ತು, ಕೋಣೆ ಗುಡಿಸಿಡು" ಎಂದ.

ಅತ್ತೆ ಕಿವಿಯ ಓಲೆ ಮಾರಿ ಕೋಣೆಗೆ ಮುಂಗಡ ಕೊಟ್ಟಳು. ಎರಡು ದಿನ ಗುಡಿಸಿ, ತೊಳೆದು, ಬಾಗಿಲ ಎದುರಿನ ಗೋಡೆಗೆ ಸುಣ್ಣ ಬಳಿದಳು. ಅಧಿಕಾರಿ ಕೂರಲೆಂದು ಪಕ್ಕದ ಮನೆಯಿಂದ ಕುರ್ಚಿ ಕೇಳಿ ತಂದಳು.

ಸೋಮವಾರ ಬೆಳಿಗ್ಗೆಯಾದರೂ ಮಷೀನು ಕೋಣೆಗೆ ಹೋಗಿರಲಿಲ್ಲ. "ಗಾಡಿಯವನು ಹತ್ತಕ್ಕೆ ಬರ್ತಾನೆ. ಅಲ್ಲೀತನಕ ಇಲ್ಲೇ ಕೂತು ಹೊಲಿ" ಎಂದು ಹೇಳಿ ಅಪ್ಪ ಹೊರಗೆ ಹೋದ. ಒಂಬತ್ತೂವರೆಗೆ ಅಧಿಕಾರಿಯನ್ನು ತಾನೇ ಕರೆದುಕೊಂಡು ಶೆಡ್ಡಿಗೆ ಬಂದ. ಆರು ಹೆಂಗಸರು ಮಷೀನು ನಿಲ್ಲಿಸಿ ನೋಡಿದರು.

"ನೋಡಿ ಸಾರ್, ಇವಳೇ ಆ ಕಂಪನಿ. ನನ್ನ ಹತ್ರ ಕೂಲಿ ಮಾಡೋಳು. ನನ್ನ ಬಟ್ಟೆ ಕದ್ದು, ನನ್ನ ಮಷೀನಲ್ಲೇ ಹೊಲಿದು ನಿಮಗೆ ಟೋಪಿ ಹಾಕೋಕೆ ಬಂದಿದ್ಲು. ಒಡಹುಟ್ಟಿದೋಳು, ಏನ್ ಮಾಡ್ಲಿ ಹೇಳಿ."

ಅತ್ತೆ ಎದ್ದು ನಿಂತಳು. ಎಲ್ಲರೆದುರೇ ಹೇಳಿದಳು. "ಸಾರ್, ಮೂರು ಕೊಟೇಶನ್ನೂ ಇದೇ ಮೇಜಿನ ಮೇಲೆ ಬರೆದಿದ್ದು. ನನ್ನ ಸೀಲು ಅಣ್ಣನ ಖಾನೆಯಲ್ಲಿದೆ. ತೆಗೆದು ನೋಡಿ."

ಅಧಿಕಾರಿ ಖಾನೆಯ ಕಡೆ ನೋಡಲೇ ಇಲ್ಲ. "ನಂಗೆ ಗೊತ್ತಮ್ಮ. ಎಲ್ಲಾ ಕಡೆ ಹೀಗೇ ಬರ್ತವೆ. ಫೈಲಿಗೆ ಮೂರು ಬೇಕು, ಮೂರಿದೆ. ಮಷೀನ್ ಇವರ ಹತ್ರ ಇದೆ, ನಿಮ್ಮ ಹತ್ರ ಇಲ್ಲ. ಯಾರಿಗೆ ಆರ್ಡರ್ ಕೊಡ್ಲಿ, ನೀವೇ ಹೇಳಿ." ಆಮೇಲೆ ಅಪ್ಪನಿಗೆ ಹೇಳಿದ, "ಹೊಲಿಗೆ ಈಯಮ್ಮನ ಮಾದರಿ ಥರಾನೇ ಇರ್ಬೇಕು. ದರ ನಿಮ್ಮದು."

"ಎಲ್ಲಾ ಅವಳ ಕೈಲೇ ಹೊಲಿಸ್ತೀನಿ ಸಾರ್."

ಹಿಂದಿನ ಸಾಲಿನಿಂದ ಒಬ್ಬಳು, "ಕೂತ್ಕೊಳ್ಳಿ ಸಾಹುಕಾರರೇ, ಕಾಲು ನೋವು ಬರುತ್ತೆ" ಎಂದಳು. ಉಳಿದ ಐವರೂ ನಕ್ಕರು. ಅತ್ತೆ ಕೂತಳು.

ಮಧ್ಯಾಹ್ನ ಅಪ್ಪ ಒಂದು ಮಷೀನನ್ನು ಎದುರು ಬೀದಿಯ ಕೋಣೆಗೆ ಸಾಗಿಸಿದ. ಅತ್ತೆಯ ಬಾಯಿಂದ ಇನ್ನೊಂದು ಮಾತು ಶೆಡ್ಡಿನ ಹೆಂಗಸರ ಕಿವಿಗೆ ಬೀಳಬಾರದೆಂಬುದು ಅವನ ಲೆಕ್ಕ. ಮುಂಗಡ ಹೇಗೂ ಕೊಟ್ಟಾಗಿತ್ತು. ಕೋಣೆಯ ಕೀಲಿ ತನ್ನ ಜೇಬಿಗೆ ಹಾಕಿಕೊಂಡ.

"ಕೋಣೆ ಬೇಕು ಅಂದಿದ್ದೆ. ಸಿಕ್ತಲ್ಲ" ಎಂದ.

ಮುನ್ನೂರು ಶೀಟನ್ನೂ ಅತ್ತೆ ಅಲ್ಲಿ ಒಬ್ಬಳೇ ಕೂತು ಹೊಲಿದಳು. ಪ್ರತಿಯೊಂದರ ಮೂಲೆಗೂ ಅಪ್ಪನ ಕಂಪನಿಯ ಹೆಸರಿನ ಪಟ್ಟಿ ಸೇರಿಸಬೇಕಿತ್ತು. ಅದನ್ನೂ ಸೊಟ್ಟ ಹೊಲಿಯಲಿಲ್ಲ.