ಮುಟ್ಟಿ ನೋಡುವ ದೊನ್ಯಾ ಬ್ರಿಹಿದಾ

ನಮ್ಮ ರಾಜಧಾನಿ ಅಸುನ್ಸಿಯೋನಿನಲ್ಲಿ ಸರ್ಕಾರಿ ಖರೀದಿಯ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರುಗಳಾಗಲು ಹೊರಟ ನಮಗೆಲ್ಲ ತರಬೇತಿ ಕೊಟ್ಟವರು ದೊನ್ಯಾ ಬ್ರಿಹಿದಾ. ಟೆಂಡರಿನ ನಿಯಮಗಳನ್ನೆಲ್ಲ ಒಂದೇ ಬೆಳಿಗ್ಗೆ ಹೇಳಿ ಮುಗಿಸಿ, ಉಳಿದ ಹದಿನೈದು ದಿನವೂ ನಮ್ಮ ಕೈಗೆ ಸಾಮಾನು ಕೊಟ್ಟರು. ಶಾಲೆಯ ಬೆಂಚು ಬಂದರೆ ಮೊದಲು ತಾವೇ ಹತ್ತಿ ಕುಣಿಯುವರು. ಕಂಬಳಿ ಬಂದರೆ ಹೊದ್ದು ಮಲಗುವರು. ಆಸ್ಪತ್ರೆಯ ಸೋಪನ್ನು ನಾಲಗೆಗೆ ತಾಗಿಸಿ ನೋಡಿದ್ದೂ ಉಂಟು. ತೆರೆರೆ ಎಂಬ ತಣ್ಣನೆಯ ಎಲೆ ಪಾನೀಯದ ಲೋಟ ಕೈಯಿಂದ ಕೈಗೆ ಸುತ್ತುವಾಗಲೂ ನಮ್ಮನ್ನು ಬಿಡುತ್ತಿರಲಿಲ್ಲ. "ಏನೋ ಅನಸ್ತಾಸಿಯೋ, ಬರೀ ಬಿಲ್ಲು ನೋಡಿ ಸಹಿ ಹಾಕ್ತೀಯಾ? ಫೋಟೊ ನೋಡೇ ಮದುವೆ ಆಗ್ಬಿಡ್ತೀಯೇನೋ?" ಒಂದು ದಿನ ಅನಸ್ತಾಸಿಯೋ ರೇಗಿ, "ನೀವು ಯಾವತ್ತೂ ನೋಡದೆ ಸಹಿ ಹಾಕೇ ಇಲ್ವಾ, ಪ್ರೊಫೆ?" ಎಂದುಬಿಟ್ಟ. ಅವರು ಕೈಲಿದ್ದ ಲೋಟ ಕೆಳಗಿಟ್ಟರು. "ಹಾಕಿದೀನಿ ಕಣೋ. ಚಾಕೋ ಒಣಸೀಮೆ ಕಡೆ ಒಂದು ಹಳ್ಳಿಗೆ ನೀರಿನ ಟ್ಯಾಂಕು. ಮಳೆಗೆ ರಸ್ತೆ ಕೆಟ್ಟಿತ್ತು, ಹೋಗಲಿಲ್ಲ. ವರ್ಷ ಆದ್ಮೇಲೆ ಹೋದ್ರೆ ನಾಲ್ಕು ಕಂಬ ಬಿಟ್ಟು ಏನೂ ಇರ್ಲಿಲ್ಲ. ಒಬ್ಬಳು ಅಜ್ಜಿ ಕೆಸರುನೀರನ್ನ ಬಟ್ಟೇಲಿ ಸೋಸಿ, ಬಿಸಿಲಲ್ಲಿ ಬಂದಿದೀಯ, ಕುಡಿಯಮ್ಮ ಅಂದ್ಲು. ನಾನ್ಯಾರು ಅಂತ ಹೇಳೋಕೆ ಬಾಯೇ ಬರ್ಲಿಲ್ಲ. ಕುಡಿದೆ. ವಾಪಸ್ ಬಂದು ನನ್ನ ಮೇಲೆ ನಾನೇ ದೂರು ಬರೆದುಕೊಟ್ಟೆ. ಅವರಿಗೆ ಟ್ಯಾಂಕು ಬಂತು. ನನ್ನ ಇನ್‌ಸ್ಪೆಕ್ಟರ್ ಕೆಲಸ ಕಿತ್ಕೊಂಡು ಇಲ್ಲಿ ಪಾಠ ಹೇಳೋಕೆ ಹಾಕಿದ್ರು."