ವಸಂತಿಯ ಶಾಪಿಂಗ್ ಸೆಂಟರು

ಹೆಂಡತಿಯ ವಿಷಯದಲ್ಲಿ ಗಂಡಸಿಗೆ ಹೊಟ್ಟೆಕಿಚ್ಚು ಹುಟ್ಟಬೇಕಾದರೆ ಸಾಮಾನ್ಯವಾಗಿ ಇನ್ನೊಬ್ಬ ಗಂಡಸು ಬೇಕಾಗುತ್ತದೆ. ನನಗೆ ಹುಟ್ಟಿದ್ದು ಒಂದು ಕಟ್ಟಡದ ಮೇಲೆ. ಅದೂ ನಾನು ಕಣ್ಣಿನಿಂದ ಕಾಣದ, ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತರೆ ಸಿಗುವ ಬೊಂಬಾಯಿಯ ಒಂದು ಶಾಪಿಂಗ್ ಸೆಂಟರಿನ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗಬೇಕು. ಆದರೆ ನಾನು ನಿವೃತ್ತನಾದ ಮೇಲೆ ನನ್ನ ನಾಚಿಕೆಯೂ ಅರ್ಧಕ್ಕರ್ಧ ನಿವೃತ್ತಿ ಪಡೆದಿದೆ, ಆದ್ದರಿಂದ ಹೇಳುತ್ತೇನೆ.

ನಾನು ಆಗ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಎಪ್ಪತ್ತರ ದಶಕದ ಆರಂಭದಲ್ಲಿ ವಸಂತಿಯನ್ನು ಮದುವೆಯಾದೆ. ಅವಳ ತಂದೆಯ ಊರು ಕಲ್ಯಾಣಪುರವಾದರೂ ಅವಳು ಹುಟ್ಟಿ ಬೆಳೆದದ್ದು ಬೊಂಬಾಯಿಯ ದಾದರಿನಲ್ಲಿ. ತಂದೆ ಅಲ್ಲೊಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಮದುವೆಯಾಗಿ ಒಂದು ವಾರವಾಗಿರಬಹುದು, ನನ್ನ ಅಂಗಿಯ ಬಟನ್ನೊಂದು ಕಳಚಿ ಬಿತ್ತು. ಇಬ್ಬರೂ ಪೇಟೆಯ ಮೂರುಮಾರ್ಗದ ಅಂಗಡಿಗೆ ಹೋದೆವು. ಅಂಗಡಿಯವರು ಮೂರು ರಟ್ಟು ತೆಗೆದಿಟ್ಟರು. ಒಂದರಲ್ಲಿ ಬಿಳಿ ಬಟನು, ಒಂದರಲ್ಲಿ ಕಪ್ಪು, ಮೂರನೆಯದರಲ್ಲಿ ಇವೆರಡೂ ಅಲ್ಲದ್ದು.

ವಸಂತಿ ಮೂರನ್ನೂ ನೋಡಿ ಮೆಲ್ಲಗೆ ಹೇಳಿದಳು: "ನಮ್ಮ ಸೆಂಟರಿನಲ್ಲಿ ಜಯಂತಿಭಾಯಿಗೆ ಅಂಗಿ ತೋರಿಸಿದರೆ ಸಾಕಿತ್ತು. ಕಣ್ಣು ಮುಚ್ಚಿ ಅದೇ ಬಟನಿನ ಡಬ್ಬಿ ತೆಗೀತಿದ್ದ."

ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಬರೆಯುವಾಗ ಕನ್ನಡವಾಗಿದೆ. ಆದರೆ 'ನಮ್ಮ ಸೆಂಟರ್' ಎನ್ನುವಾಗ ಅವಳ ದನಿಯಲ್ಲಿ ಬರುತ್ತಿದ್ದ ಆ ಮೆತ್ತನೆಯನ್ನು ಯಾವ ಭಾಷೆಯಲ್ಲೂ ಬರೆಯಲಾರೆ. ಬೇರೆ ಹೆಣ್ಣುಮಕ್ಕಳು ಹಾಗೆ ತವರನ್ನು ನೆನೆಯುತ್ತಾರೆ. ಇವಳು ತವರನ್ನು ನೆನೆದದ್ದು ಕಡಿಮೆ, ಅಂಗಡಿಗಳನ್ನು ನೆನೆದದ್ದು ಹೆಚ್ಚು. ಮೇಲೆ ಹಂಚಿನ ಬದಲು ಗಾಜಿನ ಮಾಡಂತೆ, ಕೆಳಗೆ ಎರಡೂ ಬದಿ ಅಂಗಡಿಗಳಂತೆ, ನಡುವೆ ನಡೆಯಲು ನುಣುಪಾದ ಓಣಿಯಂತೆ. ಎಂಥ ಮಳೆ ಹೊಯ್ದರೂ ಕೊಡೆ ಬಿಡಿಸದೆ ಒಂದು ಗಂಟೆ ತಿರುಗಬಹುದಂತೆ. ರಿಬ್ಬನಿಗೊಂದು ಅಂಗಡಿ, ಬೀಗಕ್ಕೊಂದು, ಕೊಡೆಗೊಂದು, ಬರೇ ಬಟನಿಗೊಂದು. ಆ ಬರೇ ಬಟನಿನ ಅಂಗಡಿಯವನೇ ಜಯಂತಿಭಾಯಿ.

ಮಹಾಕಾವ್ಯದಲ್ಲಿ ಪುರವರ್ಣನೆ ಇರಲೇಬೇಕು ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದವನು ನಾನು. ಕವಿಗಳು ಅಂಗಡಿ ಬೀದಿಯನ್ನು ವರ್ಣಿಸುವಾಗ ಮುತ್ತಿನ ರಾಶಿ, ಮಾಣಿಕ್ಯದ ರಾಶಿ ಸುರಿದು ಮುಂದೆ ಹೋಗುತ್ತಾರೆ. ಆ ಬೀದಿಯಲ್ಲಿ ಯಾರೂ ಏನನ್ನೂ ಕೊಳ್ಳುವುದಿಲ್ಲ. ವಸಂತಿಯ ಪುರವರ್ಣನೆಯಲ್ಲಿ ಜನ ಬಟನು ಕೊಳ್ಳುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು, ಜಯಂತಿಭಾಯಿ ಹೆಸರು ಹಿಡಿದು ಕರೆಯುತ್ತಿದ್ದ. ಕಾವ್ಯವಾಗಿ ಅದು ಮೇಲು ಎಂದು ನನ್ನೊಳಗಿನ ಪಂಡಿತ ಒಪ್ಪುತ್ತಿದ್ದ, ಒಪ್ಪಿದಷ್ಟೂ ನನ್ನೊಳಗಿನ ಗಂಡ ಉರಿಯುತ್ತಿದ್ದ. ಪರರ ಏಳಿಗೆಯನ್ನು ಸಹಿಸದಿರುವುದು ಈರ್ಷ್ಯೆ, ಪರರ ಗುಣದಲ್ಲಿ ದೋಷ ಹುಡುಕುವುದು ಅಸೂಯೆ ಎಂದು ತರಗತಿಯಲ್ಲಿ ವ್ಯತ್ಯಾಸ ಬಿಡಿಸಿ ಹೇಳುತ್ತಿದ್ದೆ. ಮನೆಗೆ ಬಂದರೆ ಎರಡೂ ಒಂದೇ ಚಾಪೆಯಲ್ಲಿ ಕುಳಿತಿರುತ್ತಿದ್ದವು.

"ಗಾಜಿನ ಮಾಡಾದರೆ ಸೆಕೆ ಜೋರಿರಬೇಕು," ಎಂದು ಒಮ್ಮೆ ಹೇಳಿದೆ.

"ಫ್ಯಾನುಗಳು ಉಂಟು," ಎಂದಳು.

ಸೋಲಬಾರದೆಂದು ನಾನು ಅವಳನ್ನು ನಮ್ಮ ಕಡೆಯ ಪೇಟೆಗಳಿಗೆ ಕರೆದುಕೊಂಡು ಹೋಗತೊಡಗಿದೆ. ಅವಳು ಯಾವಾಗ ಸೆಂಟರಿನ ಸುದ್ದಿ ಎತ್ತುತ್ತಾಳೋ ಅದರ ಮರುಭಾನುವಾರ ನಾವು ಬಸ್ಸಿನಲ್ಲಿ. ಉಡುಪಿಯ ರಥಬೀದಿಯಲ್ಲಿ ಕಂಚಿನ ಪಾತ್ರೆಗಳ ಅಂಗಡಿ, ಸೀರೆಯ ಅಂಗಡಿ, ಊದುಬತ್ತಿಯ ಅಂಗಡಿ ಎಂದು ನಾನೇ ಕಟ್ಟಿಸಿದವನಂತೆ ತೋರಿಸುತ್ತ ನಡೆದೆ. ಮಣಿಪಾಲದಲ್ಲಿ ಎರಡು ಮಾಳಿಗೆಯ ಹೊಸ ಕಟ್ಟಡವೊಂದು ಎದ್ದು, ಕೆಳಗೂ ಮೇಲೂ ಅಂಗಡಿಗಳಾದ ಸುದ್ದಿ ಬಂದಾಗ ನನಗೆ ಬಲವೇ ಬಂದಂತಾಯಿತು. ಅಲ್ಲಿಗೂ ಹೋದೆವು. ಕಾಲೇಜಿನ ಹುಡುಗ ಹುಡುಗಿಯರ ನಡುವೆ ಅವಳು ಮೆಟ್ಟಿಲು ಹತ್ತಿದಳು, ಇಳಿದಳು, ಐಸ್‌ಕ್ರೀಮು ತಿಂದಳು.

"ಹೇಗುಂಟು?" ಎಂದು ಕೇಳಿದೆ.

"ಚೆಂದ ಉಂಟು."

ಆ 'ಚೆಂದ ಉಂಟು' ಎನ್ನುವುದನ್ನು ನಾನು ಬಲ್ಲೆ. ಹುಡುಗರು ಬರೆದ ಪ್ರಬಂಧ ಕೈಗೆ ಕೊಟ್ಟು ನಿಂತರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಬೊಂಬಾಯಿಗೆ ಅವಳು ಎರಡು ಮೂರು ಸಲ ಒಬ್ಬಳೇ ಹೋಗಿ ಬಂದಳು. ಉಬ್ಬಸದ ತಾಯಿಯನ್ನು ನೋಡಲು ಹೋದದ್ದು, ಮನೆಯಿಂದ ಹೊರಬೀಳುವುದಕ್ಕಾಗಲಿಲ್ಲ ಎಂದಳು. ನನ್ನನ್ನು ಕರೆದಾಗಲೆಲ್ಲ ನಾನು ಉತ್ತರಪತ್ರಿಕೆ ಅಡ್ಡ ಹಿಡಿಯುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಜಯಂತಿಭಾಯಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕಟ್ಟಡದ ಮೇಲಿದ್ದ ಕಿಚ್ಚು ಯಾವಾಗಲೋ ಅದರೊಳಗಿನ ಆ ಒಂದು ಅಂಗಡಿಗೆ ಇಳಿದುಬಿಟ್ಟಿತ್ತು.

ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಅವಳ ತಮ್ಮನ ಮದುವೆ ಬಂತು. ಈ ಸಲ ಉತ್ತರಪತ್ರಿಕೆ ನಡೆಯಲಿಲ್ಲ. ಹೊಸ ಟೆರಿಲಿನ್ ಅಂಗಿ, ಪ್ಯಾಂಟು ಹೊಲಿಸಿಕೊಂಡು ಹೋದೆ. ಮದುವೆಗೆ ಪಂಚೆ ಸಾಕಿತ್ತು, ಪ್ಯಾಂಟು ಸೆಂಟರಿಗಾಗಿ.

ಮದುವೆಯ ಮರುದಿನ ಇಬ್ಬರೂ ಹೊರಟೆವು. ದಾದರ್ ಸ್ಟೇಷನ್ನಿನ ಜನಸಾಗರದಲ್ಲಿ ನಾನು ಅವಳ ಸೆರಗು ಹಿಡಿಯುವುದೊಂದು ಬಾಕಿ. ಕಾರ್ಕಳದಲ್ಲಿ ನನ್ನ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆಯುವ ಹೆಂಗಸು ಇಲ್ಲಿ ನಾಲ್ಕು ಹೆಜ್ಜೆ ಮುಂದೆ. ಒಬ್ಬನಿಗೆ ಮರಾಠಿಯಲ್ಲಿ ಜೋರು ಮಾಡಿದಳು, ಇನ್ನೊಬ್ಬನಿಗೆ ಗುಜರಾತಿಯಲ್ಲಿ ಏನೋ ಹೇಳಿ ನಗಿಸಿದಳು. ನಾನು ಚೀಲ ಹಿಡಿದು ಹಿಂದಿನಿಂದ ಹೋದೆ. ಇವಳು ನಮ್ಮ ಮನೆಯಲ್ಲಿ ಇಷ್ಟು ವರ್ಷ ಎಲ್ಲಿ ಅಡಗಿದ್ದಳು ಎಂದು ಯೋಚಿಸುತ್ತ.

ಸೆಂಟರು ಇತ್ತು. ಗಾಜಿನ ಮಾಡೂ ಇತ್ತು, ಆದರೆ ಅರ್ಧ ಭಾಗಕ್ಕೆ ತಗಡು ಹೊದೆಸಿದ್ದರು. ಆದರೂ ಸುಳ್ಳು ಹೇಳಲಾರೆ, ಅದು ಚೆಂದವಿತ್ತು. ಮಣಿಪಾಲದ ಎರಡು ಮಾಳಿಗೆಯನ್ನು ಅದರ ಪಕ್ಕದಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಬಣ್ಣದ ರಿಬ್ಬನುಗಳು ಬಾಗಿಲಿನಿಂದ ಬಾಗಿಲಿಗೆ ತೂಗುತ್ತಿದ್ದವು. ವಸಂತಿ ಅವುಗಳ ಕೆಳಗೆ ಹುಡುಗಿಯಂತೆ ತಲೆ ಬಗ್ಗಿಸಿ ನುಸುಳಿ, ಕೊನೆಯಿಂದ ಮೂರನೆಯ ಅಂಗಡಿಯ ಮುಂದೆ ನಿಂತಳು. ಸೆರಗು ಸರಿ ಮಾಡಿಕೊಂಡಳು.

ಜಯಂತಿಭಾಯಿ ನಾನು ಹೆದರಿದಂತೆಯೇ ಇದ್ದ. ನಲವತ್ತರ ಆಸುಪಾಸು, ಎತ್ತರದ ಆಳು, ತಿದ್ದಿದ ಮೀಸೆ, ಬೆಳ್ಳಗಿನ ಜುಬ್ಬ. ಅವನ ಹಿಂದೆ ಮಾಡಿನವರೆಗೆ ಡಬ್ಬಿಗಳು.

"ಬೋಲಿಯೆ, ಬೆಹೆನ್‌ಜಿ," ಎಂದ. ಎಲ್ಲರಿಗೂ ಹೇಳುವ ದನಿ.

ವಸಂತಿ ನಗುತ್ತ ನಿಂತೇ ಇದ್ದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಪುನಃ ಏನು ಬೇಕೆಂದು ಕೇಳಿದ. ಅವಳು ತನ್ನ ಹೆಸರು ಹೇಳಿದಳು. ಅವನು ಗೊತ್ತಾಗಲಿಲ್ಲವೆಂದು ತಲೆಯಾಡಿಸಿದ. ಶಾಲೆಯ ನೀಲಿ ಲಂಗದಲ್ಲಿ ಬರುತ್ತಿದ್ದೆ, ನಿನ್ನ ತಂದೆ ಕುಳಿತಿರುತ್ತಿದ್ದರು, ನೀನು ಏಣಿ ಹತ್ತುತ್ತಿದ್ದೆ ಎಂದಳು. ನೀಲಿ ಲಂಗದವರು ದಿನಕ್ಕೆ ನೂರು ಮಂದಿ ಬರುತ್ತಾರೆ ಬೆಹೆನ್‌ಜಿ, ಎಂದು ಅವನು ಮರ್ಯಾದೆಯಿಂದಲೇ ಹೇಳಿದ.

ಅವಳ ನಗು ಮುಖದಲ್ಲಿ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಹಾಗೆಯೇ ಉಳಿಯಿತು.

ಹತ್ತು ವರ್ಷದಿಂದ ನಾನು ಕಾದದ್ದು ಈ ಗಳಿಗೆಗಾಗಿಯೇ. ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಕೈಯಲ್ಲಿದ್ದ ಚೀಲವನ್ನು ಅವನ ಕೌಂಟರಿನ ಮೇಲಿಟ್ಟು ನನ್ನ ಪಂಡಿತ ಹಿಂದಿಯಲ್ಲಿ ಶುರು ಮಾಡಿದೆ. ಈಕೆ ಬಹುದೂರದಿಂದ ಬಂದಿದ್ದಾಳೆ. ನಮ್ಮ ಊರಿನಲ್ಲಿ ನಿಮ್ಮ ಹೆಸರು ತೆಗೆಯದ ತಿಂಗಳಿಲ್ಲ. ನಿಮ್ಮ ಬಟನಿನ ಮುಂದೆ ನಮ್ಮ ಜಿಲ್ಲೆಯ ಯಾವ ಬಟನೂ ಅವಳಿಗೆ ಹಿಡಿಸಿಲ್ಲ. ನೆನಪು ಮಾಡಿಕೊಳ್ಳಿ, ಸರಿಯಾಗಿ ನೋಡಿ, ಇವಳೇ ವಸಂತಿ. ಹೀಗೆ ಪರೀಕ್ಷೆಯಲ್ಲಿ ತಡವರಿಸುವ ಹುಡುಗನಿಗೆ ಉತ್ತರ ಹೇಳಿಕೊಡುವವನಂತೆ ನನ್ನ ಹೆಂಡತಿಯನ್ನು ಆ ಸುಂದರ ಪುರುಷನಿಗೆ ನೆನಪಿಸಲು ನಾನು ಪಟ್ಟ ಪಾಡು ನೋಡಿ, ರಿಬ್ಬನ್ ಅಂಗಡಿಯವರೂ ಹೊರಗೆ ಬಂದು ನಿಂತರು.

ಗಿರಾಕಿಯ ಗಂಡ ಸ್ವಲ್ಪ ಹದ ತಪ್ಪಿದವನೆಂದು ಅವನಿಗೆ ಅನಿಸಿರಬೇಕು. "ಹಾಂ ಹಾಂ, ಈಗ ನೆನಪಾಯಿತು," ಎಂದ. ನೆನಪಾಗಿರಲಿಲ್ಲ. ಅದು ಮೂವರಿಗೂ ಗೊತ್ತಾಯಿತು.

"ಬಿಡಿ, ಹೋಗುವ," ಎಂದಳು ವಸಂತಿ.

ಹೊರಗೆ ಒಂದು ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಕುಳಿತೆವು. ಒಮ್ಮೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ನಾನು ನೋಡದ ಹಾಗೆ ಮಾಡಿದೆ. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನಗುತ್ತಿದ್ದಳು.

"ಎಂತ?" ಎಂದೆ.

"ಆ ಮನುಷ್ಯನ ಹೆಸರು ಹೇಳಿದರೆ ಹತ್ತು ವರ್ಷ ಮುಖ ಊದಿಸಿಕೊಳ್ತಿದ್ದವರು ನೀವು. ಇವತ್ತು ಅವನ ಕಾಲು ಹಿಡಿಯುವುದೊಂದು ಬಾಕಿ."

"ನಾನೆಲ್ಲಿ ಮುಖ ಊದಿಸಿದ್ದೆ?"

"ನನಗೆ ಗೊತ್ತಿಲ್ವಾ? ಗೊತ್ತಿದ್ದೇ ಹೇಳ್ತಿದ್ದೆ. ಮೊದಲು ನಿಜವಾಗಿಯೂ ನೆನಪಾಗಿ ಹೇಳ್ತಿದ್ದೆ. ಆಮೇಲೆ ನೋಡಿದೆ, ಸೆಂಟರಿನ ಮಾತೆತ್ತಿದರೆ ಮುಂದಿನ ಭಾನುವಾರ ನೀವು ಹೊರಗೆ ಕರಕೊಂಡು ಹೋಗ್ತೀರಿ. ಸುಮ್ಮನಿದ್ದರೆ ಪೇಪರು ತಿದ್ದುತ್ತಾ ಕೂತುಬಿಡ್ತೀರಿ. ಮತ್ತೆ ನಾನು ಎಂತ ಮಾಡುವುದು ಮಾರಾಯ್ರೆ?"

ಈರ್ಷ್ಯೆಗೂ ಅಸೂಯೆಗೂ ವ್ಯತ್ಯಾಸ ಬಿಡಿಸಿ ಹೇಳಬಲ್ಲ ನನ್ನನ್ನು ಮನೆಯಲ್ಲೊಬ್ಬಳು ಗಡಿಯಾರಕ್ಕೆ ಕೀ ಕೊಟ್ಟಂತೆ ತಿಂಗಳಿಗೊಮ್ಮೆ ಕೀ ಕೊಟ್ಟು ಬಿಡುತ್ತಿದ್ದಳು. ನಾನು ಪ್ರಾಮಾಣಿಕವಾಗಿ ಟಿಕ್ ಟಿಕ್ ಎಂದು ಮಣಿಪಾಲದವರೆಗೆ ನಡೆಯುತ್ತಿದ್ದೆ. ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ಒಂದು ಭಾನುವಾರ ಬೇಕೆಂದು ಬಾಯಿಬಿಟ್ಟು ಕೇಳಿದರೆ ಸಿಗುವುದಿಲ್ಲ ಎಂದು ಅವಳಿಗೆ ಅನಿಸಿತ್ತಲ್ಲ.

ಊರಿಗೆ ಮರಳಿದ ಮೇಲೆ ಅವಳು ಸೆಂಟರಿನ ಸುದ್ದಿ ಎತ್ತಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಮೂರನೆಯ ಶನಿವಾರ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಕಪಾಟಿನ ಮೇಲೆ ಎತ್ತಿಟ್ಟು ಹೇಳಿದೆ: "ನಾಳೆ ಬೆಳಿಗ್ಗೆ ಕಾಪುವಿಗೆ ಹೋಗುವ."

"ಕಾಪುವಿನಲ್ಲಿ ಎಂತ ಉಂಟು ಕೊಳ್ಳಲಿಕ್ಕೆ?"

"ಏನೂ ಇಲ್ಲ. ಸಮುದ್ರ ಉಂಟು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಬಟನು ಹೊಂದುತ್ತದೋ ಇಲ್ಲವೋ ಎಂದು ನೋಡುವ ಹಾಗೆ. ಮತ್ತೆ ಚಪ್ಪಲಿ ಒರೆಸಿಡಲು ಹೋದಳು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪು ಮುಟ್ಟುವಾಗ ಬಿಸಿಲೇರಿತ್ತು. ದೀಪಸ್ತಂಭದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಹೇಳಲಾಗಲಿಲ್ಲ. ಆಗಷ್ಟೇ ದೋಣಿಗಳು ದಡಕ್ಕೆ ಬಂದಿದ್ದವು. ಬುಟ್ಟಿ ಮುಂದಿಟ್ಟುಕೊಂಡು ಮರಳಿನ ಮೇಲೆ ಕುಳಿತ ಹೆಂಗಸರಲ್ಲಿ ಗುಲಾಬಿ ಎಂಬಾಕೆ ವಸಂತಿಗೆ ಬಂಗುಡೆ ಮೀನು ತೋರಿಸಿದಳು. ವಸಂತಿ ಕುಕ್ಕರಗಾಲಿನಲ್ಲಿ ಕುಳಿತು ಕಿವಿರು ಎತ್ತಿ ನೋಡಿದಳು, ನಿನ್ನೆಯದ್ದು ಎಂದಳು. ಗುಲಾಬಿ ಸಮುದ್ರದ ಮೇಲೆ ಆಣೆ ಇಟ್ಟಳು. ಮಾತು ಬೆಳೆಯಿತು. ಗುಲಾಬಿಯ ಗಂಡ ಬೊಂಬಾಯಿಯಲ್ಲಿ ಬೋಟಿಗೆ ಹೋಗುತ್ತಿದ್ದವನಂತೆ, ಅವಳೂ ಎರಡು ವರ್ಷ ಅಲ್ಲಿದ್ದಳಂತೆ. ಆಮೇಲೆ ಬಂಗುಡೆ ಬುಟ್ಟಿಯಲ್ಲೇ ಉಳಿಯಿತು. ದಾದರಿನ ಜನಸಾಗರದಲ್ಲಿ ನಾನು ಕಂಡಿದ್ದ ಆ ಚುರುಕು ಹೆಂಗಸು ಇಲ್ಲಿ, ಕಾಪುವಿನ ಮರಳಿನ ಮೇಲೆ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು.

ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಚೀಲ ಹಿಡಿದು ನಿಂತ ನನಗೆ ಒಳಗೆ ಪರಿಚಯದ ಬಿಸಿಯೊಂದು ಏಳತೊಡಗಿತು. ನೋಡಿದರೆ, ನಾನೀಗ ಗುಲಾಬಿಯ ಮೇಲೆ ಉರಿಯುತ್ತಿದ್ದೇನೆ. ಕಿಚ್ಚು ಆರಿರಲಿಲ್ಲ, ಬೊಂಬಾಯಿಯಿಂದ ಕಾಪುವಿಗೆ ವರ್ಗವಾಗಿತ್ತು ಅಷ್ಟೆ. ಹತ್ತಿರವಾದ್ದರಿಂದ ಮೈಗೆ ಹಿತವಾಗಿಯೂ ಇತ್ತು.

ಕೊನೆಗೆ ಗುಲಾಬಿಯೇ ತಲೆಯೆತ್ತಿ ನನ್ನನ್ನು ಕಂಡಳು. "ಅಲ್ಲಿ ಚೀಲ ಹಿಡಿದು ನಿಂತಿದ್ದಾರಲ್ಲ, ಅವರು ಯಾರು? ನಿಮ್ಮ ಜೊತೆಯವರಾ?" ಎಂದು ಕೇಳಿದಳು.

ವಸಂತಿ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೌದು, ನಮ್ಮವರೇ," ಎಂದಳು. "ಸ್ವಲ್ಪ ಪೇಟೆ ತೋರಿಸುವ ಅಂತ ಕರಕೊಂಡು ಬಂದದ್ದು."