ಅಲ್ಲಾಡಬೇಡಿ ಅಕ್ಕ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಅಂಚೆಯವನೊಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವಳು ‘ಅಲ್ಲಾಡಬೇಡಿ ಅಕ್ಕ’. ಹೆಸರು ಅಂಟಿಕೊಂಡದ್ದರಲ್ಲಿ ಜನರ ತಪ್ಪೇನೂ ಇಲ್ಲ. ಓಡುತ್ತಾ ಹಾರುತ್ತಾ ಮೊಬೈಲಿನಲ್ಲಿ ಫೋಟೊ ತೆಗೆಯುವ ಕಾಲದಲ್ಲಿ, ಅಪ್ಪ ಬಿಟ್ಟುಹೋದ ದೊಡ್ಡ ಮರದ ಕ್ಯಾಮರಾವನ್ನೇ ಅವುಚಿಕೊಂಡು, ಫ್ಲ್ಯಾಶಿಲ್ಲದೆ, ಉತ್ತರದ ಕಿಟಕಿಯಿಂದ ಬಂದಷ್ಟೇ ಬೆಳಕಿನಲ್ಲಿ ಚಿತ್ರ ತೆಗೆಯುತ್ತೇನೆಂದು ಹಟ ಹಿಡಿದರೆ ಇನ್ನೇನಾಗುತ್ತದೆ? ಕಿಟಕಿಯ ಬೆಳಕು ನಿಧಾನದ್ದು. ಮೋಡ ಕವಿದ ದಿನ ಕೂತವರು ಉಸಿರು ಬಿಗಿಹಿಡಿದೇ ಕೂರಬೇಕು. ಅಲ್ಲಾಡಿದರೆ ಮುಖವೇ ಕಲಸಿಹೋಗುತ್ತದೆ.

ಮೊದಲು ಇನ್‌ಸ್ಟಂಟ್ ಫಿಲ್ಮಿನಲ್ಲಿ ಒಂದು ಚಿತ್ರ, ಬೆಳಕು ಸರಿಯಿದೆಯೇ ಎಂದು ನೋಡುವುದಕ್ಕೆ. ಆಮೇಲೆ ದೊಡ್ಡ ಫಿಲ್ಮಿನಲ್ಲಿ ನಿಜವಾದದ್ದು. ಇನ್‌ಸ್ಟಂಟ್ ಫಿಲ್ಮಿಗೆ ಒಂದು ಕಾಗದದ ಪಟ್ಟಿ ಇರುತ್ತದೆ. ಗುಂಡಿ ಒತ್ತಿದ ಮೇಲೆ ಅದನ್ನು ಎಳೆದರೆ ಹಾಳೆ ಹೊರಗೆ ಬರುತ್ತದೆ. ಎಳೆಯಲು ಮರೆತರೆ ಅದೇ ಹಾಳೆಯ ಮೇಲೆ ಮುಂದಿನವರ ಮುಖವೂ ಬೀಳುತ್ತದೆ. “ಒತ್ತಿದ ಕೈ ಎಳೀಬೇಕು” ಎಂದು ಅಪ್ಪ ಅವಳ ಕಿವಿ ಹಿಂಡಿ ಕಲಿಸಿದ್ದರು. ಅವಳು ಒಮ್ಮೆಯೂ ಮರೆತಿರಲಿಲ್ಲ. ಚಳಿಗಾಲದಲ್ಲಿ ಹಾಳೆ ಬೆಚ್ಚಗಿರದಿದ್ದರೆ ಚಿತ್ರ ಏಳುವುದಿಲ್ಲವೆಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಬೀದಿಯ ಅರ್ಧ ಜನ ಅಕ್ಕನ ಕಂಕುಳಲ್ಲಿ ಹುಟ್ಟಿದವರು ಎಂದು ಎದುರಿನ ಕಟಿಂಗ್ ಶಾಪಿನವನು ತಮಾಷೆ ಮಾಡುತ್ತಿದ್ದ.

ಅಪ್ಪ ಹೋದ ಮೇಲೆ ಅವಳು ಒಂಟಿ. ಮದುವೆಯ ವಯಸ್ಸು ಅಪ್ಪನ ಕಾಯಿಲೆಯಲ್ಲಿ ಕಳೆದುಹೋಗಿತ್ತು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಯಾರೂ ತಟ್ಟದ ಬಾಗಿಲು. ಗಿರಾಕಿಯ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸುತ್ತಾಳಲ್ಲ, ಮನುಷ್ಯರನ್ನು ಅವಳು ಮುಟ್ಟುತ್ತಿದ್ದದ್ದು ಅಷ್ಟೇ. ಅವಳನ್ನು ಮುಟ್ಟುವವರು ಯಾರೂ ಇರಲಿಲ್ಲ.

ಕಟಿಂಗ್ ಶಾಪಿನವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಕೆಲಸವಿಲ್ಲದ ಮಧ್ಯಾಹ್ನ ಅವನು ರಸ್ತೆ ದಾಟಿ ಬಂದು ಬಾಗಿಲಿಗೆ ಒರಗಿ ನಿಂತು ಹರಟುತ್ತಿದ್ದ. ಊರಿಗೆಲ್ಲ ಅಕ್ಕನಾದವಳನ್ನು ಅವನೊಬ್ಬ ಮಾತ್ರ ಅಕ್ಕ ಎನ್ನುತ್ತಿರಲಿಲ್ಲ. “ಏನ್ರೀ, ಇವತ್ತು ಬೆಳಕು ಹೇಗಿದೆ?” ಎನ್ನುತ್ತಿದ್ದ. ಆ ‘ಏನ್ರೀ’ಗಾಗಿ ಅವಳು ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಇದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ, ಹೇಳಲಾರೆ. ಗಂಡಸರಿಗೆ ಗೊತ್ತಾಗುವುದೇ ತಡವಾಗಿ.

ಒಂದು ಚಳಿಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಮೀಸೆಯನ್ನು ತಾನೇ ತೀಡಿಕೊಂಡು ಬಂದ. ತಂಗಿ ಅವನಿಗೊಂದು ಸಂಬಂಧ ನೋಡಿದ್ದಾಳಂತೆ. ಬೇರೆ ಊರಿನ ಟೀಚರು, ಅವಳಿಗೂ ಗಂಡನಿಲ್ಲ. ಫೋಟೊ ಕಳಿಸಬೇಕು. ಇಷ್ಟನ್ನು ಅವನು ನೆಲ ನೋಡುತ್ತಾ ಹೇಳಿದ. ಅವಳು ಕುರ್ಚಿ ತೋರಿಸಿದಳು.

ಕ್ಯಾಮರಾದ ಹಿಂದಿನ ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಗಾಜಿನ ಮೇಲೆ ಅವನು ತಲೆಕೆಳಗಾಗಿ ಕೂತಿದ್ದ. ಬೆಳಕಿಗೆ ಏನಾದರೂ ಸ್ವಲ್ಪ ಅಡ್ಡ ಹಿಡಿದರೆ ಸಾಕು, ಮುಖ ಮಂಕಾಗುತ್ತದೆ, ಟೀಚರಮ್ಮ ಒಲ್ಲೆ ಎಂದಾಳು. ಆ ಆಸೆ ಬಂದದ್ದು ನಿಜ. ಕೈ ಮಾತ್ರ ಕೇಳಲಿಲ್ಲ. ಎಂದಿನಂತೆ ಫೋಕಸ್ ಮಾಡಿ, ಇನ್‌ಸ್ಟಂಟ್ ಫಿಲ್ಮು ಹಾಕಿ, ಗಲ್ಲ ತಿರುಗಿಸಿ, ಅಲ್ಲಾಡಬೇಡಿ ಎಂದು ಗುಂಡಿ ಒತ್ತಿದಳು.

“ನಿಮ್ಮದೊಂದು ಫೋಟೊ ಯಾರಾದ್ರೂ ತೆಗೆದಿದ್ದಾರೇನ್ರೀ?” ಎಂದ ಅವನು, ಏಳುತ್ತಾ.

ದೀಪದ ಕೆಳಗೆ ಕತ್ತಲೆ. ಅಪ್ಪ ಹೋದ ಮೇಲೆ ಯಾರೂ ತೆಗೆದಿರಲಿಲ್ಲ. ಬೇಡ ಬೇಡವೆಂದರೂ ಅವನು ಬಿಡಲಿಲ್ಲ. ಅವಳು ಗಾಬರಿಯಲ್ಲೇ ಶಟರ್ ಸಿದ್ಧಮಾಡಿ, ಕೇಬಲ್ಲಿನ ತುದಿಯ ಗುಂಡಿಯನ್ನು ಅವನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಅವನು ಹತ್ತಿರ ಬಂದ. ದಿನಾ ಹತ್ತಾರು ಗಲ್ಲ ಹಿಡಿಯುವ ಕಸುಬು ಅವನದೂ ತಾನೇ. ಎರಡು ಬೆರಳಲ್ಲಿ ಅವಳ ಗಲ್ಲವನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದ. ಅಲ್ಲಾಡಬೇಡಿ ಎಂದು ಅವನು ಹೇಳಬೇಕಾಗಿಯೇ ಬರಲಿಲ್ಲ.

ಪಟ್ಟಿ ಎಳೆದು, ಹಾಳೆಯನ್ನು ಕಂಕುಳಲ್ಲಿಟ್ಟು ಕಾದು, ಮೇಲಿನ ಪದರ ಸುಲಿದಾಗ ಗೊತ್ತಾಯಿತು. ಅವನದು ಒತ್ತಿದ ಮೇಲೆ ಎಳೆಯುವುದನ್ನೇ ಮರೆತಿದ್ದಳು. ಕಪ್ಪು ಪರದೆಯ ಮುಂದೆ ಒಂದೇ ಕುರ್ಚಿಯಲ್ಲಿ ಇಬ್ಬರೂ ಇದ್ದರು. ಅವನ ಭುಜದೊಳಗೇ ಅವಳ ಭುಜ, ಅವಳ ಕನ್ನಡಕದ ಹಿಂದೆ ಅವನ ಕೆನ್ನೆ.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಮೆತ್ತಗೆ, “ಚೆನ್ನಾಗೇ ಇದೆಯಲ್ರೀ” ಎಂದ.

ಅಲ್ಲೊಂದು ಮಾತಿಗೆ ಜಾಗವಿತ್ತು. ಅವನು ಕಾಯುತ್ತಿದ್ದ, ಅದು ಅವಳಿಗೆ ಕಂಡಿತ್ತು. ಅವಳಿಗೋ ನಾಚಿಕೆ, ಜೊತೆಗೆ ಅಪ್ಪನ ಮಗಳ ಕೆಟ್ಟ ಹಮ್ಮು.

“ಕೆಟ್ಟುಹೋಯ್ತು. ಕೂತ್ಕೊಳ್ಳಿ, ಇನ್ನೊಂದು ತೆಗೀತೀನಿ” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಹೋಗಿ ಕೂತ. ಈ ಸಲ ದೊಡ್ಡ ಫಿಲ್ಮು. ಅವನು ಕ್ಯಾಮರಾವನ್ನು ನೋಡಲಿಲ್ಲ, ಪಕ್ಕದಲ್ಲಿ ನಿಂತಿದ್ದ ಅವಳನ್ನು ನೋಡಿದ. ಅವಳ ಜೀವನದಲ್ಲೇ ಅಷ್ಟು ಒಳ್ಳೆಯ ಚಿತ್ರ ಇನ್ನೊಂದಿಲ್ಲ.

ಕೆಲವು ವಾರಗಳ ಮೇಲೆ ಅವನು ಸಿಹಿ ಪೊಟ್ಟಣ ಹಿಡಿದುಕೊಂಡು ಬಂದ. ಮದುವೆ ನಿಶ್ಚಯವಾಗಿತ್ತು.

“ಆ ಕಣ್ಣು ನೋಡಿಯೇ ಅವರು ಒಪ್ಪಿದ್ದಂತೆ” ಎಂದ. “ಇಷ್ಟು ಪ್ರೀತಿಯಿಂದ ಯಾರನ್ನ ನೋಡ್ತಿದ್ರಿ ಅಂತ ಕೇಳಿದ್ರು. ಕ್ಯಾಮರಾನ ಅಂದೆ.”

ಅವಳು ಪೊಟ್ಟಣ ತೆಗೆದುಕೊಂಡಳು. ಆ ಕೆಟ್ಟುಹೋದ ಚಿತ್ರ ಏನಾಯಿತೆಂದು ಅವನು ವಿಚಾರಿಸಿದ. ಎಸೆದೆ ಎಂದಳು. ಅವನು ಬಾಗಿಲಿನ ಕಡೆ ತಿರುಗಿದ.

“ಎಲ್ಲ ನಿಮ್ಮ ಕೈಗುಣ. ಬರ್ತೀನಿ, ಅಕ್ಕ.”

ಇಡೀ ಬೀದಿ ಕರೆಯುವ ಹೆಸರೇ. ಅವನ ಬಾಯಲ್ಲಿ ಅದು ಅಂದೇ ಮೊದಲು. ಅವಳು ಹೂಂಗುಟ್ಟಿದಳು.

ಆ ಚಿತ್ರ ಕರಿಬಟ್ಟೆಯ ಒಳಮಗ್ಗುಲಿನಲ್ಲಿ ಪಿನ್ನು ಚುಚ್ಚಿಕೊಂಡು ಇದೆ. ಗಾಜಿನ ಮೇಲಿನ ಬೆಳಕು ಒಂದಿಷ್ಟು ಅದರ ಮೇಲೂ ಬೀಳುತ್ತದೆ. ಈಗೀಗ ಅಕ್ಕ ಬಟ್ಟೆಯೊಳಗಿಂದ ಬೇಗ ತಲೆ ಹೊರಗೆ ತೆಗೆಯುವುದಿಲ್ಲ. ವಯಸ್ಸಾಯಿತು ಪಾಪ, ಫೋಕಸ್ ಮಾಡಲು ತಡವಾಗುತ್ತದೆ ಎಂದು ಕುರ್ಚಿಯಲ್ಲಿ ಕೂತವರು ಅಂದುಕೊಳ್ಳುತ್ತಾರೆ.